ಹೊಗೆ ಕೊಳವೆಯೂ ನಮ್ಮ ಬೇಡಿಕೆಯ ಪಟ್ಟಿಗೆ ಸೇರಲಿ



ಕೂಲಿ, ಬೋನಸ್, ಲೈನು ಮನೆಯ ಮಾಡು, ಕುಡಿಯುವ ನೀರು ಇವೆಲ್ಲ ನಮ್ಮ ಬೇಡಿಕೆಯ ಪಟ್ಟಿಯಲ್ಲಿ ವರ್ಷ ವರ್ಷವೂ ಇರುತ್ತವೆ, ಇರಲೂ ಬೇಕು. ಆ ಪಟ್ಟಿಗೆ ಇನ್ನೊಂದು ಸಾಲನ್ನು ಸೇರಿಸಬೇಕೆಂದು ನಾವು ಈ ಲೇಖನದ ಮೂಲಕ ಕೇಳಿಕೊಳ್ಳುತ್ತೇವೆ. ನಮ್ಮನ್ನು ಕೆಲಸಕ್ಕೆ ಕರೆದೊಯ್ಯುವ ಪ್ರತಿಯೊಂದು ಜೀಪಿನ, ನಮ್ಮ ಕೈಗೆ ಕೊಡುವ ಪ್ರತಿಯೊಂದು ಇಂಜಿನ್ನಿನ ಹೊಗೆ ಕೊಳವೆಯು ತೂತಿಲ್ಲದೆ, ಸೈಲೆನ್ಸರ್ ಸಹಿತವಾಗಿ, ಜನರಿಂದ ದೂರಕ್ಕೆ ಹೊಗೆಯನ್ನು ಬಿಡುವಂತೆ ಇರಬೇಕು. ನಮ್ಮ ಬೇಡಿಕೆ ಇಷ್ಟೇ.

“ಕೊಳವೆಗೂ ಒಂದು ಬೇಡಿಕೆಯೇ? ಸಂಘದವರಿಗೆ ಬೇರೆ ಕೆಲಸವಿಲ್ಲವೇ?” ಎಂದು ನಗುವವರು ಇದ್ದಾರೆ. ನಗುವವರು ಒಂದು ದಿನ ಬೆಳಿಗ್ಗೆ ಮಳೆ ಸುರಿಯುವಾಗ, ತಾಡಪಾಲು ಇಳಿಬಿಟ್ಟ ಜೀಪಿನ ಹಿಂದಿನ ಬೆಂಚಿನಲ್ಲಿ ನಮ್ಮ ಹೆಣ್ಣುಮಕ್ಕಳ ಜೊತೆ ಕೂತು ಬರಲಿ. ಇಳಿಯುವ ಹೊತ್ತಿಗೆ ತಲೆ ಭಾರವಾಗಿ, ಹೊಟ್ಟೆ ತೊಳಸಿ, ಕಾಲು ಸೋತಿರುವುದು ಯಾಕೆಂದು ಆಮೇಲೆ ಮಾತಾಡೋಣ.

ಸೈಲೆನ್ಸರ್ ಇರುವುದು ಯಾತಕ್ಕೆ?

ಸದ್ದು ತಗ್ಗಿಸುವುದಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಉತ್ತರ. ಇಂಜಿನ್ನಿನಿಂದ ಹೊರಡುವ ಹೊಗೆಯನ್ನು ಜನ ಕೂರುವ ಜಾಗದ ಅಡಿಯಿಂದ ದಾಟಿಸಿ, ಗಾಡಿಯ ಹಿಂದಕ್ಕೆ ಒಯ್ದು ಬಯಲಿಗೆ ಬಿಡುವುದೇ ಆ ಇಡೀ ಕೊಳವೆಯ ಮುಖ್ಯ ಕೆಲಸ. ಸೈಲೆನ್ಸರ್ ಆ ದಾರಿಯ ನಡುವೆ ಇರುವ ಒಂದು ಭಾಗ. ಈಚಿನ ಪೆಟ್ರೋಲ್ ಗಾಡಿಗಳಲ್ಲಿ ಅದೇ ದಾರಿಯಲ್ಲಿ ಹೊಗೆಯ ವಿಷವನ್ನು ತಗ್ಗಿಸುವ ಪೆಟ್ಟಿಗೆಯೂ ಇರುತ್ತದೆ. ಅದನ್ನು ಕ್ಯಾಟಲಿಟಿಕ್ ಕನ್ವರ್ಟರ್ ಎನ್ನುತ್ತಾರೆ. ನಮ್ಮ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಇದನ್ನು 1995ರಿಂದ ಕಡ್ಡಾಯ ಮಾಡಿದರು. ಬರಬರುತ್ತಾ ಎಲ್ಲ ಕಡೆಗೂ ಬಂತು.

ಕೊಳವೆ ನಡುವೆ ಎಲ್ಲಿಯಾದರೂ ಒಡೆದರೆ ಸದ್ದು ಹೆಚ್ಚುತ್ತದೆ, ಅದು ಎಲ್ಲರ ಕಿವಿಗೂ ಬೀಳುತ್ತದೆ. ಆದರೆ ಅದೇ ಒಡಕಿನಿಂದ ಹೊಗೆಯು ಹಿಂದಕ್ಕೆ ಹೋಗದೆ ನಮ್ಮ ಕಾಲಡಿಯಲ್ಲೇ ಬಿಡುಗಡೆಯಾಗುತ್ತದೆ ಎಂಬುದು ಯಾರಿಗೂ ಕಾಣುವುದಿಲ್ಲ. ಆದುದರಿಂದಲೇ “ಸ್ವಲ್ಪ ಸದ್ದು ಮಾಡುತ್ತದೆ, ಅಷ್ಟೇ” ಎಂಬ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ.

ತೆರೆದ ಕೊಳವೆಯ ಷೋಕಿ

ಒಡೆದ ಕೊಳವೆ ಒಂದಾದರೆ, ಬೇಕೆಂದೇ ಬಿಚ್ಚಿದ ಕೊಳವೆ ಇನ್ನೊಂದು. ಬೈಕಿನ ಸೈಲೆನ್ಸರಿನ ಒಳಗಿನ ತಡೆಗಳನ್ನು ತೆಗೆಸಿ, ಗುಡ್ಡವೆಲ್ಲ ಕೇಳುವಂತೆ ಓಡಿಸುವ ತಮ್ಮಂದಿರನ್ನು ನಾವು ದಿನವೂ ನೋಡುತ್ತೇವೆ. ಕೆಲವು ಜೀಪುಗಳಿಗೂ ಈ ಷೋಕಿ ಹತ್ತಿದೆ. ಇದರಿಂದ ಗಾಡಿಗೆ ಎಳೆತ ಹೆಚ್ಚುತ್ತದೆ ಎಂದು ಅವರ ವಾದ. ಈ ಷೋಕಿಗೆ ಹೆಸರಾದ ಊರು ಯಾವುದು, ಅಲ್ಲಿ ಅದು ಹೇಗೆ ನಡೆಯುತ್ತಿತ್ತು ಎಂಬುದನ್ನು ಅವರು ತಿಳಿಯುವುದು ಒಳ್ಳೆಯದು.

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ 1930ರ ದಶಕದ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಕೊಂಡು, ಮಡ್‌ಗಾರ್ಡು, ಬಾನೆಟ್ಟು ಮುಂತಾದ ಭಾರವನ್ನೆಲ್ಲ ಬಿಚ್ಚಿ, ಇಂಜಿನ್ನನ್ನು ತಿದ್ದಿ ಓಟಕ್ಕೆ ಬಿಡುತ್ತಿದ್ದರು. ಮುಂದೆ ಅಂಥ ಕಾರುಗಳಿಗೆ ‘ಹಾಟ್ ರಾಡ್’ ಎಂಬ ಹೆಸರು ಬಂತು. ಅವರ ಓಟ ನಡೆಯುತ್ತಿದ್ದುದು ಮ್ಯೂರಾಕ್ ಮುಂತಾದ ಒಣಗಿದ ಸರೋವರಗಳ ತಳದಲ್ಲಿ. ಕಣ್ಣು ಹಾಯುವಷ್ಟು ದೂರ ಚಪ್ಪಟೆ ನೆಲ, ಮನೆಯಿಲ್ಲ, ಮರವಿಲ್ಲ, ಗಾಳಿಗೆ ಅಡ್ಡಿಯಿಲ್ಲ. 1937ರಲ್ಲಿ ಅವರೆಲ್ಲ ಸೇರಿ ಓಟವನ್ನು ಕ್ರಮಕ್ಕೆ ತರಲು ಒಂದು ಸಂಘವನ್ನೂ ಕಟ್ಟಿಕೊಂಡರು. 1949ರಿಂದ ಯೂಟಾ ರಾಜ್ಯದ ಬಾನ್ವಿಲ್ ಉಪ್ಪಿನ ಬಯಲಿನಲ್ಲಿಯೂ ಓಟ ಆರಂಭವಾಯಿತು.

ಆ ಕಾರುಗಳಲ್ಲಿ ಇಂಜಿನ್ನಿನ ಒಂದೊಂದು ಸಿಲಿಂಡರಿನ ಹೊಗೆಗೂ ಒಂದೊಂದು ಕೊಳವೆ ಇಟ್ಟು, ಎಲ್ಲವನ್ನೂ ಒಂದು ಕಡೆ ಕೂಡಿಸುತ್ತಾರೆ. ಇದಕ್ಕೆ ಹೆಡರ್ ಎಂದು ಹೆಸರು. ಕೂಡಿದ ಹೊಗೆಯನ್ನು ಸೈಲೆನ್ಸರಿಗೆ ಕಳಿಸದೆ ಅಲ್ಲಿಯೇ ಬಾಯಿ ತೆರೆದು ಬಿಟ್ಟರೆ ಅದು ಓಪನ್ ಹೆಡರ್. ಹೊಗೆ ಕಾರಿನ ಹಿಂದಕ್ಕೆ ಹೋಗುವುದಿಲ್ಲ. ಡ್ರೈವರ್ ಕೂರುವ ಜಾಗದ ಹತ್ತಿರವೇ, ಅವನ ಕಾಲಿನ ಪಕ್ಕದಲ್ಲೋ ಅಡಿಯಲ್ಲೋ ಹೊರಬೀಳುತ್ತದೆ. ಒಣ ಸರೋವರದಲ್ಲಿ ಇದು ನಡೆಯುತ್ತಿತ್ತು. ಯಾಕಂದರೆ ಓಟ ಕೆಲವೇ ನಿಮಿಷಗಳದ್ದು, ಕಾರಿನಲ್ಲಿ ಇರುವವನು ಒಬ್ಬನೇ, ಸುತ್ತಲೂ ಬಯಲು ಗಾಳಿ. ರಸ್ತೆಗೂ ಓಟಕ್ಕೂ ಒಂದೇ ಕಾರನ್ನು ಬಳಸುವವರು ಆ ಬಾಯಿಗೆ ಬೋಲ್ಟು ಹಾಕುವ ಮುಚ್ಚಳ ಇಟ್ಟುಕೊಳ್ಳುತ್ತಾರೆ. ಓಟದ ಕಣದಲ್ಲಿ ಬಿಚ್ಚುತ್ತಾರೆ, ರಸ್ತೆಗೆ ಬರುವಾಗ ಮುಚ್ಚಿ ಸೈಲೆನ್ಸರಿನ ದಾರಿಗೆ ಹೊಗೆಯನ್ನು ತಿರುಗಿಸುತ್ತಾರೆ. ಆ ಸದ್ದು ನಮ್ಮಲ್ಲಿಗೂ ಬಂತು; ಆ ಮುಚ್ಚಳ ಮಾತ್ರ ಬರಲಿಲ್ಲ.

ಎಳೆತದ ಮಾತು ಹೇಳುವುದಾದರೆ, ಹೊಗೆಯ ದಾರಿ ಸಡಿಲವಾದರೆ ಇಂಜಿನ್ ಪೂರ್ತಿ ವೇಗದಲ್ಲಿ ತಿರುಗುವಾಗ ಸ್ವಲ್ಪ ಲಾಭವಿದೆ. ಅದು ಓಟದ ಕಾರಿಗೆ ಸರಿ. ಎಸ್ಟೇಟಿನ ಏರು ದಾರಿಯಲ್ಲಿ ಒಂದನೇ ಗೇರು, ಎರಡನೇ ಗೇರಿನಲ್ಲಿ ತೆವಳುವ ಜೀಪಿಗೆ ಅದರಿಂದ ಬರುವ ಲಾಭವೇನು? ಮೇಲಾಗಿ ಈಗಿನ ಪೆಟ್ರೋಲ್ ಇಂಜಿನ್ನುಗಳಲ್ಲಿ ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆದು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುವ ಸೆನ್ಸರ್ ಇರುತ್ತದೆ. ಅದರ ಹತ್ತಿರ ಕೊಳವೆ ಒಡೆದು ಹೊರಗಿನ ಗಾಳಿ ಸೇರಿದರೆ, ಪೆಟ್ರೋಲು ಸಾಲದೆಂದು ಅದು ತಪ್ಪಾಗಿ ತಿಳಿದು ಇನ್ನಷ್ಟು ಬಿಡಿಸುತ್ತದೆ. ಪೆಟ್ರೋಲೂ ಹೋಯಿತು, ಹೊಗೆಯ ವಿಷವೂ ಹೆಚ್ಚಿತು.

ಕಾಣದ ವಿಷ

ಹೊಗೆಯಲ್ಲಿ ಕಣ್ಣಿಗೆ ಕಾಣುವ ಕಪ್ಪು ಬೇರೆ, ಕಾಣದ ವಿಷ ಬೇರೆ. ಕಾಣದ ವಿಷದ ಹೆಸರು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ಬೆಟ್ಟದ ಜನರಿಗೆ ಇದು ಹೊಸದಲ್ಲ. ಚಳಿಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿ, ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ನೀಲಗಿರಿಯಲ್ಲಿ ಕೇಳಿದ್ದೇವೆ. ಅಲ್ಲಿ ಕೊಂದದ್ದೂ ಇದೇ ಅನಿಲ. ಉರಿ ಪೂರ್ತಿಯಾಗಿ ಉರಿಯದೆ ಹೋದಲ್ಲೆಲ್ಲ, ಅದು ಕೆಂಡವಾಗಲಿ ಇಂಜಿನ್ನಾಗಲಿ, ಇದು ಹುಟ್ಟುತ್ತದೆ.

ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತು ತಿರುಗುವ ಹಿಮೋಗ್ಲೋಬಿನ್ ಎಂಬ ವಸ್ತುವಿದೆ. ಈ ಅನಿಲವು ಅದಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೇಲೆ ಬಲವಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳಲ್ಲಿ ಬೇರೆಯವರು ಕೂತು ಏಳದಿದ್ದರೆ ನಾವು ನಿಲ್ದಾಣದಲ್ಲೇ ಉಳಿಯುವಂತೆ, ಆಮ್ಲಜನಕಕ್ಕೆ ಜಾಗ ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲು, ಆಮೇಲೆ ಮಂಕು, ನಿದ್ದೆ, ಹೆಚ್ಚಾದರೆ ಸಾವು. ಮಂಕು ಹಿಡಿದವನಿಗೆ ತನಗೆ ಅಪಾಯ ಬಂದಿದೆ ಎಂದು ತಿಳಿಯುವ ಶಕ್ತಿಯೇ ಇರುವುದಿಲ್ಲ.

ಪರಿವರ್ತಕ ಪೆಟ್ಟಿಗೆಯಿಲ್ಲದ ಹಳೆಯ ಪೆಟ್ರೋಲ್ ಇಂಜಿನ್ನಿನ ಹೊಗೆಯಲ್ಲಿ ನೂರಕ್ಕೆ 3 ಪಾಲು ಈ ಅನಿಲ ಇರುವುದು ಸಾಮಾನ್ಯ. ಎಂದರೆ ಹತ್ತು ಲಕ್ಷ ಪಾಲಿನಲ್ಲಿ 30,000. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 1,200 ಪಾಲು ಸೇರಿದರೇ ಆ ಕ್ಷಣದಿಂದ ಪ್ರಾಣಕ್ಕೆ ಅಪಾಯವೆಂದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯು ಲೆಕ್ಕ ಹಾಕಿದೆ. ಬಯಲಿನಲ್ಲಿ ಹೊಗೆ ಹರಡಿಹೋಗುವುದರಿಂದ ನಾವು ಬದುಕಿದ್ದೇವೆ. ಮುಚ್ಚಿದ ಜಾಗದಲ್ಲಿ ಹರಡುವುದಕ್ಕೆ ಸ್ಥಳವೆಲ್ಲಿ?

ಪರಿವರ್ತಕ ಪೆಟ್ಟಿಗೆ ಇದ್ದರೂ ಅದು ಚೆನ್ನಾಗಿ ಕಾದ ಮೇಲೆಯೇ ಕೆಲಸ ಮಾಡುತ್ತದೆ. ಬೆಳಗಿನ ಚಳಿಯಲ್ಲಿ ಆಗತಾನೇ ಚಾಲೂ ಮಾಡಿದ ಇಂಜಿನ್ ಹೆಚ್ಚು ವಿಷ ಬಿಡುತ್ತದೆ. ಮಸ್ಟರಿನ ಹೊತ್ತಿಗೆ ಇಂಜಿನ್ ಓಡುತ್ತಾ ನಿಂತ ಗಾಡಿಯ ಹಿಂದೆ ಜನ ಗುಂಪಾಗಿ ನಿಲ್ಲುವುದು ಇದೇ ಹೊತ್ತಿನಲ್ಲಿ ಎಂಬುದನ್ನು ಗಮನಿಸಿರಿ.

ನಮ್ಮ ಜೀಪುಗಳಲ್ಲಿ ಹೆಚ್ಚಿನವು ಡೀಸೆಲ್ ಗಾಡಿಗಳು. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಪೆಟ್ರೋಲಿಗಿಂತ ಬಹಳ ಕಡಿಮೆ ಎಂಬುದು ನಿಜ. ಹಾಗೆಂದು ಡೀಸೆಲ್ ಹೊಗೆ ಒಳ್ಳೆಯದಲ್ಲ. ಅದರ ಸಣ್ಣ ಕಪ್ಪು ಪುಡಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಕಣ್ಣು ಗಂಟಲು ಉರಿಸುತ್ತದೆ, ಉಬ್ಬಸದವರಿಗೆ ಉಬ್ಬಸ ಹೆಚ್ಚಿಸುತ್ತದೆ. ಡೀಸೆಲ್ ಇಂಜಿನ್ನಿನ ಹೊಗೆಯು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಸಾರಿತು. ಪೆಟ್ರೋಲ್ ಹೊಗೆ ಅವಸರದ ಶತ್ರು, ಡೀಸೆಲ್ ಹೊಗೆ ತಾಳ್ಮೆಯ ಶತ್ರು. ಎರಡನ್ನೂ ಹೊರಗಿಡುವ ಕೊಳವೆ ಒಂದೇ.

ಗಾಡಿ ವಾಂತಿಯೋ, ಹೊಗೆಯೋ?

ನಾವು ಸಂಘದ ಕೆಲಸಕ್ಕಾಗಿ ಲೈನು ಲೈನಿಗೆ ಹೋಗುವಾಗ ಅಕ್ಕಂದಿರು ಹೇಳುವ ಮಾತು ಒಂದೇ ತರಹ ಇರುತ್ತದೆ. “ಜೀಪು ಹತ್ತಿದರೆ ತಲೆ ಸುತ್ತುತ್ತದೆ ಅಣ್ಣಾ. ಖಾಲಿ ಹೊಟ್ಟೆ, ತಿರುವಿನ ರಸ್ತೆ, ಏನು ಮಾಡುವುದು.” ತಿರುವಿನ ರಸ್ತೆಗೆ ತಲೆ ಸುತ್ತುವುದುಂಟು. ಆದರೆ ಎರಡನ್ನೂ ಬೇರೆ ಮಾಡಿ ನೋಡುವ ದಾರಿಯಿದೆ. ಒಬ್ಬರಿಗಲ್ಲ, ಒಂದೇ ಜೀಪಿನಲ್ಲಿ ಮೂರು ನಾಲ್ಕು ಜನರಿಗೆ ಒಟ್ಟಿಗೆ ತಲೆನೋವು ಬರುತ್ತದೆಯೇ? ಹಿಂದಿನ ಬೆಂಚಿನವರಿಗೆ ಹೆಚ್ಚೇ? ತಾಡಪಾಲು ಇಳಿಬಿಟ್ಟ ಮಳೆಯ ದಿನ ಹೆಚ್ಚೇ? ಇಳಿದು ಗಾಳಿಯಲ್ಲಿ ಒಂದೆರಡು ಗಂಟೆ ಕೆಲಸ ಮಾಡಿದ ಮೇಲೆ ಕಡಿಮೆಯಾಗುತ್ತದೆಯೇ? ಬೇರೆ ಜೀಪಿನಲ್ಲಿ ಅದೇ ರಸ್ತೆಯಲ್ಲಿ ಹೋದರೆ ಬರುವುದಿಲ್ಲವೇ? ಹೌದು ಎಂದಾದರೆ ಅದು ತಿರುವಿನ ತಪ್ಪಲ್ಲ, ಕೊಳವೆಯ ತಪ್ಪು.

ಹಿಂದಿನವರಿಗೆ ಹೆಚ್ಚು ತಗಲುವುದಕ್ಕೆ ಕಾರಣವಿದೆ. ಓಡುವ ಗಾಡಿಯ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಒಂದು ಸುಳಿ ಏಳುತ್ತದೆ. ಧೂಳಿನ ರಸ್ತೆಯಲ್ಲಿ ಧೂಳು ಜೀಪಿನ ಹಿಂದಿನಿಂದ ಒಳಕ್ಕೆ ನುಗ್ಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಧೂಳು ಬರುವ ದಾರಿಯಲ್ಲೇ ಹೊಗೆಯೂ ಬರುತ್ತದೆ. ಕೊಳವೆಯ ಬಾಯಿ ಗಾಡಿಯ ಹಿಂಚೂಣಿಯನ್ನು ದಾಟಿ ಹೊರಗೆ ಬಂದಿದ್ದರೆ ಹೊಗೆ ಸ್ವಲ್ಪ ದೂರ ಚಿಮ್ಮಿ ಹೋಗುತ್ತದೆ. ಕೊಳವೆ ನಡುವಿನಲ್ಲೇ ತುಂಡಾಗಿದ್ದರೆ ಹೊಗೆ ತಳದಲ್ಲೇ ಸುತ್ತಿ, ತುಕ್ಕು ತಿಂದ ತಗಡಿನ ತೂತುಗಳಿಂದ ಮೇಲೇರುತ್ತದೆ.

ತಳದ ಒಂದು ಸಂದಿ ಏನು ಮಾಡಬಲ್ಲದು ಎಂಬುದಕ್ಕೆ ವಯನಾಡಿನ ಕೆಳಗೇ ಒಂದು ದುಃಖದ ಸಾಕ್ಷಿಯಿದೆ. 2024ರ ಡಿಸೆಂಬರಿನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ವಡಗರದಲ್ಲಿ, ರಸ್ತೆಯ ಬದಿಗೆ ನಿಲ್ಲಿಸಿದ್ದ ಕ್ಯಾರವಾನ್ ಗಾಡಿಯೊಳಗೆ ಇಬ್ಬರು ಸತ್ತು ಸಿಕ್ಕಿದರು. ಏ.ಸಿ.ಗಾಗಿ ಗಾಡಿಯ ಜನರೇಟರ್ ಓಡುತ್ತಿತ್ತು. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್ ತಳದ ಸಂದಿನಿಂದ ಒಳಗೆ ಸೇರಿತ್ತು ಎಂದು ತಜ್ಞರ ಪರೀಕ್ಷೆಯಲ್ಲಿ ತಿಳಿದುಬಂತು. ಅವರೂ ದುಡಿಯುವವರೇ. ಹೊಗೆ ಕಾಣಲಿಲ್ಲ, ನಾತ ಬರಲಿಲ್ಲ, ಮಲಗಿದವರು ಏಳಲಿಲ್ಲ.

ಜೀಪಿನ ಆಚೆಯ ಇಂಜಿನ್ನುಗಳು

ಹುಲ್ಲು ಕತ್ತರಿಸುವ ಯಂತ್ರ, ಔಷಧಿ ಹೊಡೆಯುವ ಯಂತ್ರ, ಇಬ್ಬರು ಹಿಡಿದು ಟೀ ಸೊಪ್ಪು ಕತ್ತರಿಸುವ ಯಂತ್ರ ಇವುಗಳ ಪೆಟ್ರೋಲ್ ಇಂಜಿನ್ ಚಿಕ್ಕದು. ಆದರೆ ಅದು ನಮ್ಮ ಬೆನ್ನಿನ ಮೇಲೆ ಅಥವಾ ಮುಖದ ಪಕ್ಕದಲ್ಲಿ ಇರುತ್ತದೆ. ಇವುಗಳ ಸೈಲೆನ್ಸರ್ ಒಂದು ಸಣ್ಣ ಡಬ್ಬಿ. ಅದರ ಬೋಲ್ಟು ಅದುರಿ ಬಿದ್ದರೆ ಹಾಗೆಯೇ ಓಡಿಸುವ ಅಭ್ಯಾಸವಿದೆ. ಅದರಿಂದ ಹೊಗೆ ಮುಖಕ್ಕೇ ಬರುತ್ತದೆ, ಬಟ್ಟೆಗೆ ಕಿಡಿ ತಗಲುತ್ತದೆ, ಕಿವಿಯೂ ಹೋಗುತ್ತದೆ. ದಿನಕ್ಕೆ 8 ಗಂಟೆ 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವನ ಕಿವಿ ಮಂದವಾಗುತ್ತದೆ. ಸೈಲೆನ್ಸರ್ ಬಿಚ್ಚಿದ ಇಂಜಿನ್ ಅದನ್ನು ಸುಲಭವಾಗಿ ದಾಟುತ್ತದೆ. ಹೋದ ಕಿವಿ ಮರಳಿ ಬರುವುದಿಲ್ಲ.

ಜನರೇಟರ್ ಇನ್ನೂ ಕೆಟ್ಟದ್ದು. ಕೈಯಲ್ಲಿ ಎತ್ತಿ ಒಯ್ಯುವ ಒಂದು ಪೆಟ್ರೋಲ್ ಜನರೇಟರ್ ನೂರಾರು ಕಾರುಗಳಷ್ಟು ಕಾರ್ಬನ್ ಮೊನಾಕ್ಸೈಡ್ ಬಿಡಬಹುದೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವು ಎಚ್ಚರಿಸುತ್ತದೆ. ಮನೆಯಿಂದ ಕಡಿಮೆಯೆಂದರೆ 20 ಅಡಿ ದೂರ ಇಡಬೇಕೆನ್ನುತ್ತದೆ. ಮದುವೆಯ ಮನೆಯಲ್ಲಾಗಲಿ, ಕರೆಂಟು ಹೋದ ರಾತ್ರಿಯ ಕೂಟದಲ್ಲಾಗಲಿ, ಮಳೆ ಬಂತೆಂದು ಜನರೇಟರನ್ನು ವರಾಂಡಕ್ಕೆ ಎಳೆಯಬಾರದು. ಹಾಗೆಯೇ ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸುವುದು, ಅದು ನಿಂತಿತೆಂದು ಒಬ್ಬ ಇಳಿಯುವುದು, ಅವನು ಬಿದ್ದನೆಂದು ಇನ್ನೊಬ್ಬ ಇಳಿಯುವುದು ಕುಟುಂಬಕ್ಕೆ ಕುಟುಂಬವನ್ನೇ ನುಂಗುವ ದಾರಿ. ಇಂಜಿನ್ ಬಾವಿಯ ಮೇಲೆಯೇ ಇರಲಿ, ಪೈಪು ಮಾತ್ರ ಕೆಳಗಿಳಿಯಲಿ.

ಬಿಸಿಯ ವಿಷಯವನ್ನೂ ಮರೆಯಬಾರದು. ಫೆಬ್ರವರಿ ಮಾರ್ಚಿನಲ್ಲಿ ಕಾಡಂಚಿನ ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಿದರೆ, ಒಡೆದ ಕೊಳವೆಯಿಂದ ಬರುವ ಬಿಸಿಹೊಗೆ ಬೆಂಕಿ ಹಚ್ಚಬಲ್ಲದು. ಆ ಕೊಳವೆ ಪೆಟ್ರೋಲು ಡೀಸೆಲಿನ ಪೈಪಿಗೆ 35 ಮಿಲಿಮೀಟರಿಗಿಂತ ಹತ್ತಿರ ಇರಬಾರದೆಂದು ನಿಯಮ ಇರುವುದು ಇದಕ್ಕಾಗಿಯೇ.

ಎದುರು ಮಾತುಗಳಿಗೆ ಉತ್ತರ

ಈ ವಿಷಯ ಎತ್ತಿದಾಗ ಮೂರು ಮಾತು ಕೇಳಿಬರುತ್ತವೆ.

ಮೊದಲನೆಯದು, “ಜೀಪಿನ ಡ್ರೈವರನೂ ಬಡವ. ಅವನ ಹೊಟ್ಟೆಯ ಮೇಲೆ ಯಾಕೆ ಹೊಡೆಯುತ್ತೀರಿ?” ಇದು ನ್ಯಾಯವಾದ ಪ್ರಶ್ನೆ. ಡ್ರೈವರನು ನಮ್ಮವನೇ, ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಕುಡಿಯುವವನೂ ಅವನೇ. ಆದುದರಿಂದ ನಮ್ಮ ಕೈ ಅವನ ಕಡೆ ತೋರಬಾರದು. ನಮ್ಮನ್ನು ಕೆಲಸಕ್ಕೆ ಕರೆಸಿಕೊಳ್ಳುವ ಆಡಳಿತ, ಗಾಡಿಯನ್ನು ಬಾಡಿಗೆಗೆ ಗೊತ್ತುಮಾಡುವ ಕಂಟ್ರಾಕ್ಟರ್, ಇವರೇ ಬಾಡಿಗೆ ಮಾತಾಡುವಾಗ ಕೊಳವೆಯ ರಿಪೇರಿಯನ್ನೂ ಮಾತಿನೊಳಗೆ ಸೇರಿಸಬೇಕು. ಬಾಡಿಗೆಯನ್ನು ಹಿಂಡಿ ಹಿಂಡಿ ಇಳಿಸಿ, ಆಮೇಲೆ ಗಾಡಿ ಸರಿಯಿಲ್ಲವೆಂದು ಡ್ರೈವರನ್ನು ಬೈಯುವುದು ನ್ಯಾಯವಲ್ಲ. ಕೊಳವೆಯ ಒಂದು ವೆಲ್ಡಿಂಗ್, ಒಂದು ಕ್ಲ್ಯಾಂಪ್, ಒಂದು ಗ್ಯಾಸ್ಕೆಟ್ ಇವು ಗಾಡಿಯ ರಿಪೇರಿಗಳಲ್ಲೇ ಅಗ್ಗದವು.

ಎರಡನೆಯದು, “ಹೊಗೆ ಪರೀಕ್ಷೆಯ ಚೀಟಿ ಇದೆಯಲ್ಲ!” ಆ ಪರೀಕ್ಷೆಯಲ್ಲಿ ಕೊಳವೆಯ ಹಿಂದಿನ ಬಾಯಿಗೆ ಕಡ್ಡಿ ತೂರಿಸಿ ಅಳೆಯುತ್ತಾರೆ. ನಡುವೆ ಜನರ ಕಾಲಡಿಯಲ್ಲಿ ತೂತಿದ್ದರೆ ಅದು ಆ ಯಂತ್ರಕ್ಕೆ ಕಾಣುವುದಿಲ್ಲ. ಚೀಟಿ ಇಂಜಿನ್ನಿನ ಹೊಗೆ ಎಂಥದು ಎಂದು ಹೇಳುತ್ತದೆ. ಆ ಹೊಗೆ ಎಲ್ಲಿ ಸೋರುತ್ತದೆ ಎಂದು ಹೇಳುವುದಿಲ್ಲ.

ಮೂರನೆಯದು, “ದೂರು ಕೊಟ್ಟರೆ ಜೀಪೇ ನಿಲ್ಲುತ್ತದೆ, ಆಮೇಲೆ ನಡೆದೇ ಹೋಗಬೇಕು.” ಈ ಹೆದರಿಕೆ ಸುಳ್ಳಲ್ಲ. ಒಬ್ಬಳೇ ಕೇಳಿದರೆ ಅವಳನ್ನು ಇಳಿಸಿ ಹೋಗುವವರೂ ಇದ್ದಾರೆ. ಅದಕ್ಕಾಗಿಯೇ ಇದು ಒಬ್ಬರ ದೂರಾಗದೆ ಎಲ್ಲರ ಬೇಡಿಕೆಯಾಗಬೇಕು ಎನ್ನುತ್ತೇವೆ. 2023ರ ಆಗಸ್ಟ್ 25ರಂದು ಮಾನಂತವಾಡಿಯ ಹತ್ತಿರ ಕಣ್ಣೋತ್ತುಮಲೆಯಲ್ಲಿ ಟೀ ತೋಟದ ಕೆಲಸ ಮುಗಿಸಿ ಬರುತ್ತಿದ್ದ ಜೀಪು ಕಮರಿಗೆ ಬಿದ್ದು 9 ಹೆಣ್ಣುಮಕ್ಕಳು ತೀರಿಕೊಂಡರು. ಅಂಥ ಅಪಘಾತವಾದ ಮೇಲೆ ಬ್ರೇಕು, ಟೈರುಗಳ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಬ್ರೇಕಿಗಾಗಿ ಕೇಳುವ ಹಕ್ಕು ನಮಗಿದೆ ಎಂದಾದರೆ ಉಸಿರಿಗಾಗಿ ಕೇಳುವ ಹಕ್ಕೂ ಇದೆ. ಹೆಣ ಎದ್ದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳುವುದು ಲೇಸು.

ಕಾನೂನು ನಮ್ಮ ಪಕ್ಕದಲ್ಲೇ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮವು ಪ್ರತಿ ಮೋಟಾರು ವಾಹನಕ್ಕೂ ಸೈಲೆನ್ಸರ್ ಇರಲೇಬೇಕೆನ್ನುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಲ್ಲಿ, ಸುರಕ್ಷತೆ, ಸದ್ದು ಮತ್ತು ಹೊಗೆಯ ನಿಯಮ ಮುರಿದ ಗಾಡಿ ಓಡಿಸಿದರೆ, 2019ರ ತಿದ್ದುಪಡಿಯ ನಂತರ, 10,000 ರೂಪಾಯಿಯವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಸೈಲೆನ್ಸರ್ ಬಿಚ್ಚಿದ ತಮ್ಮಂದಿರು ಇದನ್ನು ಗಮನದಲ್ಲಿಡಿ. ಎರಡು ತಿಂಗಳು ಕೂಡಿಟ್ಟ ಕೂಲಿ ಒಂದೇ ತಿರುವಿನಲ್ಲಿ ಹೋದೀತು. ಇನ್ನು ಕೆಲಸದ ಸ್ಥಳದ ಸುರಕ್ಷತೆ. 1951ರ ತೋಟ ಕಾರ್ಮಿಕರ ಕಾಯ್ದೆಯ ಜಾಗಕ್ಕೆ 2020ರ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಬಂದಿದೆ. ಆ ಸಂಹಿತೆಯ ಕೆಲವು ಸಂಗತಿಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ತಕರಾರಿದೆ. ಆದರೂ ಅದರ 14ನೇ ಕಲಮು ನಮಗೆ ಉಪಯೋಗಕ್ಕೆ ಬರುವಂಥದು. ಪ್ರಾಣಕ್ಕೆ ಅಥವಾ ದೇಹಕ್ಕೆ ಗಂಭೀರ ಅಪಾಯ ಹತ್ತಿರವಿದೆ ಎಂಬ ನ್ಯಾಯವಾದ ಭಯವಿದ್ದರೆ ಕಾರ್ಮಿಕನು ಮಾಲೀಕನಿಗೂ, ಅದೇ ಕಾಲಕ್ಕೆ ಸರ್ಕಾರದ ಇನ್ಸ್‌ಪೆಕ್ಟರಿಗೂ ತಿಳಿಸಬಹುದು. ತಿಳಿಸುವುದನ್ನು ಬರಹದಲ್ಲಿ ತಿಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿರಿ.

ನಾವು ಮಾಡಬೇಕಾದದ್ದು

ಬೇಡಿಕೆ ಈಡೇರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಜೀಪು ಹತ್ತುವ ಮೊದಲು ಹಿಂದಿನಿಂದ ಬಗ್ಗಿ ನೋಡಿರಿ. ಕೊಳವೆ ಹಿಂಚೂಣಿಯ ತನಕ ಬಂದಿದೆಯೇ, ನೇತಾಡುತ್ತಿದೆಯೇ, ಜೋಡಣೆಯ ಹತ್ತಿರ ಕಪ್ಪು ಮಸಿಯ ಗೆರೆ ಇದೆಯೇ? ಮಸಿಯ ಗೆರೆ ಇದ್ದಲ್ಲಿ ಸೋರಿಕೆಯಿದೆ. ಡ್ರೈವರ್ ಅಣ್ಣನಿಗೆ ಇನ್ನೊಂದು ಉಪಾಯ: ಇಂಜಿನ್ ತಣ್ಣಗಿರುವಾಗ ಚಾಲೂ ಮಾಡಿ, ಹಿಂದಿನ ಬಾಯಿಗೆ ಒದ್ದೆ ಬಟ್ಟೆಯ ಮಡಿಕೆಯನ್ನು ಒಂದು ಕ್ಷಣ ಒತ್ತಿದರೆ ತೂತಿರುವಲ್ಲಿ ‘ಬುಸ್’ ಎಂಬ ಸದ್ದು ಕೇಳುತ್ತದೆ. ಇದನ್ನು ಬಯಲಿನಲ್ಲೇ ಮಾಡಬೇಕು. ಬರೇ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ನುಸುಳಬಾರದು. ತಳದ ತಗಡಿನ ತೂತುಗಳನ್ನು ತಗಡು ಹೊಡೆದು ಮುಚ್ಚಿಸಿರಿ. ಮಳೆಯಲ್ಲಿ ಹಿಂದಿನ ತಾಡಪಾಲು ಇಳಿಸಿದರೂ ಮುಂದಿನಿಂದ ಗಾಳಿ ಒಳಗೆ ಬರುವಷ್ಟು ತೆರೆದಿರಲಿ. ನಿಂತ ಗಾಡಿಯ ಇಂಜಿನ್ ನಿಲ್ಲಿಸಲು ಹೇಳಿರಿ.

ಯಾರಿಗಾದರೂ ತಲೆಸುತ್ತು, ಮಂಕು ಬಂದರೆ ಮೊದಲು ಇಂಜಿನ್ ನಿಲ್ಲಿಸಿ ಅವರನ್ನು ಬಯಲಿಗೆ ತನ್ನಿರಿ. ಪ್ರಜ್ಞೆ ತಪ್ಪಿದ್ದರೆ, ಅಥವಾ ಅವರು ಬಸುರಿಯಾಗಿದ್ದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಹೊಟ್ಟೆಯೊಳಗಿನ ಕೂಸಿಗೆ ಈ ವಿಷ ತಾಯಿಗಿಂತ ಹೆಚ್ಚು ತಗಲುತ್ತದೆ, ಇಳಿಯುವುದೂ ನಿಧಾನ. ಬರೇ ಗಾಳಿಯಲ್ಲಿ ಇದ್ದರೆ ರಕ್ತದ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ. ಒಂದು ಮಾತು ಬಹಳ ಮುಖ್ಯ. ಕೊರೊನಾ ಕಾಲದಿಂದ ನಮಗೆಲ್ಲ ಪರಿಚಯವಾದ, ಬೆರಳಿಗೆ ಸಿಕ್ಕಿಸುವ ಯಂತ್ರವು ಈ ವಿಷವನ್ನು ಆಮ್ಲಜನಕವೆಂದೇ ತಿಳಿದು 98, 99 ತೋರಿಸುತ್ತದೆ. ಅದನ್ನು ನಂಬಿ ಮನೆಗೆ ಮರಳಬೇಡಿರಿ. “ಇಂಜಿನ್ ಹೊಗೆ ಕುಡಿದಿದ್ದಾರೆ” ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿರಿ. ಹೇಳದಿದ್ದರೆ ಅವರಿಗೂ ಅದು ಗಾಡಿ ವಾಂತಿಯಂತೆಯೇ ಕಂಡೀತು.

ತಮ್ಮಂದಿರೇ, ಸೈಲೆನ್ಸರ್ ಬಿಚ್ಚಿದ ಬೈಕಿನ ಸದ್ದಿಗೆ ನಿಮ್ಮ ಗೆಳೆಯರು ತಿರುಗಿ ನೋಡಬಹುದು. ಅದೇ ಸದ್ದಿಗೆ ಲೈನಿನಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದವರು ಎದ್ದು ಕೂರುತ್ತಾರೆ, ಎಳೆಗೂಸು ಬೆಚ್ಚುತ್ತದೆ. ಹಾಟ್ ರಾಡಿನವರು ಸದ್ದು ಮಾಡಲು ಒಣ ಸರೋವರಕ್ಕೆ ಹೋದರು. ನಮ್ಮಲ್ಲಿ ಅಂಥ ಬಯಲಿಲ್ಲ. ನಮ್ಮಲ್ಲಿ ಇರುವುದು ಒಂದಕ್ಕೊಂದು ಅಂಟಿದ ಹತ್ತು ಮನೆಗಳ ಲೈನು.

ಸಂಘದ ಮುಂದಿನ ಸಭೆಯಲ್ಲಿ ಪ್ರತಿ ಡಿವಿಷನ್ನಿನಿಂದ ಒಬ್ಬರು ಎದ್ದು ನಿಂತು, ತಮ್ಮನ್ನು ಹೊರುವ ಗಾಡಿಯ ಕೊಳವೆ ಹೇಗಿದೆ ಎಂದು ಹೇಳಲಿ. ಬರೆದುಕೊಳ್ಳುವ ಕೆಲಸವನ್ನು ನಾವು ಮಾಡುತ್ತೇವೆ. ಆ ಪಟ್ಟಿ ಕೈಯಲ್ಲಿದ್ದರೆ ಆಡಳಿತದ ಮೇಜಿನ ಮುಂದೆ ನಮ್ಮ ಮಾತಿಗೆ ತೂಕ ಬರುತ್ತದೆ. ಕೂಲಿ ಹೆಚ್ಚಿಸಲು ವರ್ಷಗಟ್ಟಲೆ ಮಾತುಕತೆ ಬೇಕಾಗುತ್ತದೆ. ಒಂದು ಕ್ಲ್ಯಾಂಪ್ ಬಿಗಿಯಲು ಒಂದು ಬೆಳಗು ಸಾಕು.